ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ

ಆ ಮಧ್ಯಾಹ್ನ ಅವ್ವ ಸಜ್ಜೆ ರೊಟ್ಟಿ ಬಡಿದಿದ್ದಳು. ಮೇಲೆ ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿ. ಅಪ್ಪ ಔಷಧಿ ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ, ನಡುವಿನ ಓಣಿಯಂಥ ಜಾಗ ದಾಟಿ ಅಡಿಗೆಮನೆಗೆ ಬಂದ. ತನ್ನ ಮಣೆಯನ್ನು ಎಂದಿನಂತೆ ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡು, ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಅವ್ವ ಅವನಿಗೆ ಬಡಿಸಿ, ಹಿತ್ತಲ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಮಾಡಿ ಕೂತಳು. ಹೊರಗೆ ಅರಿವೆ ಒಗೆಯುವ ಕಲ್ಲಿನ ಮೇಲೆ ಕೊಟ್ರಮ್ಮ ಕೊಡ ಇಳಿಸಿ ಕೂತಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಹೋಟೆಲು ಇಟ್ಟವನ ಹೆಂಡತಿ ಅವಳು. ಮೂರು ಹೆಣ್ಣುಮಕ್ಕಳ ತಾಯಿ. ಆದರೂ ನನಗಿಂತ ಬಹಳ ದೊಡ್ಡವಳಂತೆ ಕಾಣುತ್ತಿರಲಿಲ್ಲ. ನನ್ನನ್ನು ಅಂಗಡಿ ನೋಡಿಕೋ ಎಂದು ಕಳಿಸಿದ್ದರು. ಆ ಹೊತ್ತಿಗೆ ಗಿರಾಕಿ ಇರುತ್ತಿರಲಿಲ್ಲ. ನಾನು ನಡುವಿನ ಬಾಗಿಲ ಬಳಿ ಸ್ಟೂಲ್ ಎಳೆದುಕೊಂಡು ಕೂತೆ.

"ಕೊಟ್ರಮ್ಮ ಬಂದಾಳ್ರಿ," ಅಂದಳು ಅವ್ವ.

"ಹೂಂ," ಅಂದ ಅಪ್ಪ, ಗೋಡೆಗೆ.

"ಗುಳಿಗಿ ನುಂಗಿದ ಮ್ಯಾಲೆ ಹೊಟ್ಟಿ ತೊಳಸ್ತೈತಂತ."

"ಉಂಡು ಬರ್ತಾಳೋ, ಉಪಾಸ ಬರ್ತಾಳೋ ಕೇಳು."

"ಕೇಳೋದೇನೈತಿ. ಅತ್ತಿ ಉಂಡ ಮ್ಯಾಲೆ ಅಕಿ ಉಣ್ಣೋದು. ಉಪಾಸನ ಬರ್ತಾಳ."

"ಹಂಗಾರ ಇಲ್ಲೇ ಒಂದು ರೊಟ್ಟಿ ತಿಂದು ನುಂಗಾಕ ಹೇಳು."

ಹೊರಗಿನಿಂದ ಕೊಟ್ರಮ್ಮ ಅವ್ವನಿಗೆ ಹೇಳಿದಳು:

"ಯಕ್ಕಾ, ಅಣ್ಣಾರು ಗುಳಿಗಿ ಜತಿ ರೊಟ್ಟೀನೂ ಕೊಡಾಕ ಹತ್ತಿದ್ರ ಊರಿಗೆ ಊರೇ ನಿಮ್ಮ ಹಿತ್ತಲಾಗ ಕುಂದರ್ತೈತಿ."

"ಬರ್ಲಿ ಅನ್ನು," ಅಂದ ಅಪ್ಪ. "ರೊಟ್ಟಿ ಬಡಿಯೋದು ನಾನಲ್ಲಲ್ಲ."

ಅವ್ವ ಕೈಯಲ್ಲಿದ್ದ ಸೌಟನ್ನು ಅವನ ಬೆನ್ನಿಗೆ ತಾಗಿಸಿದಂತೆ ಮಾಡಿದಳು. ಅಪ್ಪನ ಹೆಗಲು ಅಲುಗಿತು. ನಕ್ಕಿದ್ದು ಹಿಂದಿನಿಂದಲೇ ಗೊತ್ತಾಗುತ್ತಿತ್ತು. ಕೊಟ್ರಮ್ಮ ರೊಟ್ಟಿ ತಿಂದಳು, ಗುಳಿಗೆ ನುಂಗಿದಳು, ಬೋರಿಂಗ್ ಹೊಡೆದು ಕೊಡ ತುಂಬಿಕೊಂಡು ಹೋದಳು. ಅಪ್ಪ ಕೈ ತೊಳೆದುಕೊಂಡು ಅಂಗಡಿಯ ಬಾಗಿಲು ಎತ್ತಿದ. ಇಷ್ಟೇ ಆದದ್ದು. ಇನ್ನು ಮುಂದೆ ಹೀಗೆ ಇರುವುದಿಲ್ಲ ಎಂದು ಯಾರಿಗೂ ಅನಿಸಲಿಲ್ಲ.

ನಮ್ಮ ಮನೆ ಕಾನಹೊಸಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಟಿಂಚರಿನ ವಾಸನೆ, ಮನೆಯಲ್ಲಿ ಒಗ್ಗರಣೆಯ ವಾಸನೆ, ನಡುವಿನ ಜಾಗದಲ್ಲಿ ಎರಡೂ ಕೂಡಿದ ಇನ್ನೊಂದು ವಾಸನೆ. ನನ್ನ ತಮ್ಮ ಮಂಜು ಅಲ್ಲಿಯೇ ಖಾಲಿ ಡಬ್ಬಿಗಳನ್ನು ಜೋಡಿಸಿ ಬಸ್ಸು ಮಾಡಿ ಆಡುತ್ತಿದ್ದ. ಲಾರಿಗಳು ಹೋದಾಗ ಅಂಗಡಿಯ ಸೀಸೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಆ ಸದ್ದಿಲ್ಲದ ಊರಿಗೆ ಹೋದರೆ ನನಗೆ ಇವತ್ತಿಗೂ ನಿದ್ದೆ ಹತ್ತುವುದು ತಡವಾಗುತ್ತದೆ. ಪಡಸಾಲೆಗೆ ಕಲ್ಲು ಚಪ್ಪಡಿಯ ಮಾಳಿಗೆ. ಅಡಿಗೆಮನೆಗೆ ಒಂದೇ ಬೆಳಕಿಂಡಿ. ಮಧ್ಯಾಹ್ನ ಅದರಿಂದ ಬೀಳುವ ಬಿಸಿಲು ಸರಿಯಾಗಿ ಅಪ್ಪ ಕೂರುವ ಗೋಡೆಯ ಮೇಲೆ ಬೀಳುತ್ತಿತ್ತು. ಹಿತ್ತಲಲ್ಲಿ ಒಂದು ನುಗ್ಗೆಗಿಡ, ಒಗೆಯುವ ಕಲ್ಲು, ಒಂದು ಬೋರಿಂಗ್. ಓಣಿಯ ಉಳಿದ ಬೋರಿಂಗುಗಳ ನೀರು ಸವುಳು. ನಮ್ಮದು ಸಿಹಿ. ಬೇಳೆ ಬೇಯಬೇಕೆಂದರೆ ನಮ್ಮ ನೀರೇ ಬೇಕು. ಹಾಗಾಗಿ ಕೊಡ ಹಿಡಿದು ನಮ್ಮ ಹಿತ್ತಲಿಗೆ ಬರುವ ಹೆಂಗಸನ್ನು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅಪ್ಪ ಡಿಪ್ಲೊಮಾ ಓದಿ ಅಂಗಡಿ ಇಟ್ಟವನು. ಜನ ಅವನನ್ನು ಮೆಡಿಕಲ್ ಬಸಣ್ಣ ಅನ್ನುತ್ತಿದ್ದರು. ಡಾಕ್ಟ್ರೇ ಎಂದು ಕರೆದರೆ, "ಡಾಕ್ಟ್ರು ಕೂಡ್ಲಿಗ್ಯಾಗ ಅದಾರ, ನಾನು ಅಂಗಡ್ಯಾಂವ," ಅನ್ನುತ್ತಿದ್ದ. ಮುಂದಿನ ಕೌಂಟರಿಗೆ ಗಂಡಸರು ಬರುತ್ತಿದ್ದರು. ನಿರೋಧ್ ಬೇಕಾದವರು ಅದನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಬೇರೆ ಗಿರಾಕಿಗಳು ಹೋಗುವ ತನಕ ರಸ್ತೆ ನೋಡುತ್ತಾ ನಿಂತು, ಕೊನೆಗೆ ತಲೆನೋವಿನ ಗುಳಿಗೆ ಕೇಳುತ್ತಿದ್ದರು. ಅಪ್ಪ ಗುಳಿಗೆಯ ಜೊತೆ ಪೇಪರಿನಲ್ಲಿ ಇನ್ನೊಂದು ಪೊಟ್ಟಣ ಸುತ್ತಿ ಕೊಡುತ್ತಿದ್ದ. ನಮ್ಮೂರಿನ ಹೊಸ ಮದುವೆಯ ಹುಡುಗರಿಗೆಲ್ಲ ತಲೆನೋವು ಜಾಸ್ತಿ ಎಂದು ಅವ್ವ ನಗುತ್ತಿದ್ದಳು. ಹೆಂಗಸರಿಗೆ ಅಷ್ಟೂ ದಾರಿ ಇರಲಿಲ್ಲ. ಆ ಕೌಂಟರಿನ ಮುಂದೆ ನಿಂತು ಮಕ್ಕಳಾಗದ ಗುಳಿಗೆ ಕೇಳಿದರೆ, ಅವರು ಮನೆ ಮುಟ್ಟುವುದಕ್ಕೆ ಮುಂಚೆ ಸುದ್ದಿ ಮುಟ್ಟುತ್ತಿತ್ತು.

ಹಿತ್ತಲ ಪದ್ಧತಿ ಹೇಗೆ ಶುರುವಾಯಿತೆಂದು ಅವ್ವ ಒಮ್ಮೆ ಹೇಳಿದ್ದಳು. ಮಂಜು ಹುಟ್ಟಿದ ಮೇಲೆ ಅವಳು ಆಪರೇಷನ್ ಮಾಡಿಸಿಕೊಂಡಿದ್ದಳು. ಅದರ ಬಗ್ಗೆ ಕೇಳುವುದಕ್ಕೆ ಓಣಿಯ ಒಬ್ಬ ಹೆಂಗಸು ಬಂದಾಗ ಅಪ್ಪ ಉಣ್ಣುತ್ತಾ ಕೂತಿದ್ದ. ಅವನನ್ನು ನೋಡಿ ಆ ಹೆಂಗಸು ಮಾತು ನುಂಗಿಕೊಂಡಳು. ಅಪ್ಪ ಗಂಗಾಳ ಎತ್ತಿಕೊಂಡು ಮಣೆ ಸಮೇತ ಗೋಡೆಯ ಕಡೆ ತಿರುಗಿದ.

"ನಾನು ಗೋಡಿಗೆ ಹೇಳ್ತೀನಿ. ನೀನು ಅವರಿಗೆ ಹೇಳು," ಅಂದನಂತೆ ಅವ್ವನಿಗೆ.

ಅವತ್ತಿನಿಂದ ಹಾಗೇ ನಡೆಯಿತು. ಹೆಂಗಸರು ಅವ್ವನಿಗೆ ಹೇಳುತ್ತಿದ್ದರು, ಅವ್ವ ಅಪ್ಪನ ಬೆನ್ನಿಗೆ ಹೇಳುತ್ತಿದ್ದಳು, ಅಪ್ಪ ಗೋಡೆಗೆ ಹೇಳುತ್ತಿದ್ದ, ಅದು ತಿರುಗಿ ಅವ್ವನ ಮೂಲಕ ಒಗೆಯುವ ಕಲ್ಲಿಗೆ ಹೋಗುತ್ತಿತ್ತು. ಮೂರೂ ಜನ ಕೈಗೆ ಸಿಗುವ ದೂರದಲ್ಲಿ ಇರುತ್ತಿದ್ದರು. ಎಲ್ಲರಿಗೂ ಎಲ್ಲವೂ ಕೇಳುತ್ತಿತ್ತು. ಆದರೂ ಪರಗಂಡಸಿನ ಹತ್ತಿರ ಅಂಥ ಮಾತಾಡಿದೆ ಎಂದು ಯಾವ ಹೆಂಗಸೂ ತಲೆ ತಗ್ಗಿಸಬೇಕಾಗಿರಲಿಲ್ಲ. ಅಪ್ಪ ಕೇಳದೆ ಗುಳಿಗೆ ಕೊಡುತ್ತಿರಲಿಲ್ಲ. ಹಾಲು ಕುಡಿಯುವ ಕೂಸು ಇದೆಯೋ, ಕಾಲು ಬಾಯುತ್ತದೋ, ಅರ್ಧ ತಲೆ ನೋಯುತ್ತದೋ ಕೇಳಿಸುತ್ತಿದ್ದ. ಬಿ.ಪಿ. ನೋಡಿಸಿಕೊಂಡು ಬಾ, ಆಮೇಲೆ ಕೊಡುತ್ತೇನೆ ಎಂದು ಕೆಲವರನ್ನು ಕೂಡ್ಲಿಗಿ ಆಸ್ಪತ್ರೆಗೆ ಕಳಿಸುತ್ತಿದ್ದ. ಇನ್ನು ಕೆಲವರಿಗೆ, ಗುಳಿಗೆಗಿಂತ ನಿನಗೆ ಗರ್ಭಕ್ಕೆ ಹಾಕುವ ವಂಕಿ ಒಳ್ಳೆಯದು, ನರ್ಸಮ್ಮನನ್ನು ಕಂಡು ಹಾಕಿಸಿಕೋ ಅನ್ನುತ್ತಿದ್ದ. ಅವ್ವ ಇದನ್ನೆಲ್ಲ ಹಾಗೆಹಾಗೇ ದಾಟಿಸುತ್ತಿರಲಿಲ್ಲ. ಅಪ್ಪ, "ಹೆದರಬ್ಯಾಡ ಅನ್ನು," ಅಂದರೆ, ಅವಳು ಮೊದಲು ಆ ಹೆಂಗಸಿನ ತಲೆಯ ಮೇಲಿನ ಸಿಂಬೆ ತೆಗೆದಿಟ್ಟು, ಕುಡಿಯುವುದಕ್ಕೆ ಮಜ್ಜಿಗೆ ಕೊಡುತ್ತಿದ್ದಳು.

ಗುಳಿಗೆಯ ಹಾಳೆಗಳು ನಮ್ಮ ಮನೆಯಲ್ಲೇ ಇರುತ್ತಿದ್ದವು. ಅತ್ತೆ, ನಾದಿನಿ ಇರುವ ಎರಡು ಅಂಕಣದ ಮನೆಯಲ್ಲಿ ಒಂದು ಗುಳಿಗೆಯ ಹಾಳೆ ಬಚ್ಚಿಡುವುದು ಆಗದ ಮಾತು. ಅವ್ವ ಅವುಗಳನ್ನು ಬಿಸ್ಕತ್ತಿನ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ಅಡಿಗೆಮನೆಯ ಗೂಡಿನಲ್ಲಿ ಉಪ್ಪಿನ ಗಡಿಗೆಯ ಹಿಂದೆ ಇಟ್ಟಿದ್ದಳು. ಯಾರ ಹಾಳೆ ಯಾವುದೆಂದು ತಿಳಿಯುವುದಕ್ಕೆ, ಅವರವರ ಸೀರೆ ಸೆರಗಿನಿಂದ ಒಂದು ಎಳೆ ಹಿರಿದು ಅದಕ್ಕೆ ಸುತ್ತಿರುತ್ತಿದ್ದಳು. ಕೊಟ್ರಮ್ಮನದು ಸಾಸಿವೆ ಹೂವಿನ ಬಣ್ಣದ ಎಳೆ. ದಿನಾ ನೀರಿಗೆ ಬಂದು, ತನ್ನ ಎಳೆ ನೋಡಿ, ಒಂದು ಗುಳಿಗೆ ಬಿಡಿಸಿ ನುಂಗಿ ಹೋಗುತ್ತಿದ್ದಳು. ಮೂರನೇ ಹೆರಿಗೆಯಲ್ಲಿ ಅವಳ ಮೈಯ ರಕ್ತವೆಲ್ಲ ಹೋಗಿತ್ತು, ಎದೆಹಾಲೂ ಬತ್ತಿತ್ತು. ಇನ್ನೆರಡು ವರ್ಷದೊಳಗೆ ಬಸುರಾದರೆ ನೀನು ಉಳಿಯುವುದಿಲ್ಲ ಎಂದು ಲೇಡಿ ಡಾಕ್ಟರು ಅವಳಿಗೆ ಹೇಳಿ ಕಳಿಸಿದ್ದರು. ಅವಳ ಅತ್ತೆ ಈರಮ್ಮನಿಗೆ ಮಾತ್ರ ಗಂಡು ಕೂಸು ಬೇಕಿತ್ತು, ಅದೂ ಬೇಗ. ಗುಳಿಗೆ ಕಂಡರೆ ಸೊಸೆಯನ್ನು ತವರಿಗೆ ಅಟ್ಟುವವಳೇ ಅವಳು. ಆ ಡಬ್ಬಿ ನಮ್ಮ ಗೂಡಿನಲ್ಲಿ ಇರುವ ತನಕ ಕೊಟ್ರಮ್ಮನ ಜೀವ ಗಟ್ಟಿ ಎಂದು ಅವ್ವ ಅನ್ನುತ್ತಿದ್ದಳು.

ಮನೆಯಲ್ಲಿ ಇದನ್ನು ಮೆಚ್ಚದವಳೆಂದರೆ ಅಜ್ಜಿ, ಅಪ್ಪನ ಅವ್ವ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಿವಿ ಮುಕ್ಕಾಲು ಮಂದ. ಅಡಿಗೆಮನೆಯ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಾ ಗೊಣಗುವುದು ಅವಳ ಕೆಲಸ. ಗೊಣಗುವುದೆಂದರೆ ನಾವು ಕಿವಿ ಮುಚ್ಚಿಕೊಳ್ಳುವಷ್ಟು ಜೋರು.

"ಉಣ್ಣೋ ಹೊತ್ತಿನಾಗ ಬಸುರು ಬಾಣಂತಿ ಮಾತು. ನಮ್ಮ ಕಾಲಕ್ಕ ಯಾವ ಗುಳಿಗಿ ಇತ್ತು? ಹಡದ್ವಿ, ಹೂಳಿದ್ವಿ, ಮತ್ತ ಹಡದ್ವಿ."

ಅವಳು ಹೆತ್ತವರಲ್ಲಿ ಉಳಿದವರು ಅಪ್ಪ ಮತ್ತು ಹರಪನಹಳ್ಳಿಯಲ್ಲಿರುವ ದೊಡ್ಡಪ್ಪ, ಇಬ್ಬರೇ. ಉಳಿದವರ ಹೆಸರು ಹೇಳುತ್ತಿರಲಿಲ್ಲ. ಆ ಮೂಲೆಯಲ್ಲಿ ಅವಳಿಗೆ ಏನೂ ಕೇಳಿಸುವುದಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಕೊಟ್ರಮ್ಮ ರೊಟ್ಟಿ ತಿಂದು ಹೋದ ಮರುದಿನ ಬೆಳಿಗ್ಗೆ ಅವ್ವ ಒಲೆಯ ಮುಂದೆ ತಲೆ ಹಿಡಿದುಕೊಂಡು ಕೂತಳು. ಮಾತು ತೊದಲಿತು. ಅಪ್ಪ ನೋಡಿದ ಕೂಡಲೇ ಅಂಗಡಿ ತೆರೆದಂತೆಯೇ ಬಿಟ್ಟು ಜೀಪು ತಂದ. ದಾವಣಗೆರೆಗೆ ಒಯ್ದರು. ತಲೆಯ ಒಳಗೆ ರಕ್ತ ಒಡೆದಿದೆ ಎಂದು ಅಲ್ಲಿ ಹೇಳಿದರಂತೆ. ಅದೇ ಜೀಪಿನಲ್ಲಿ ತಿರುಗಿ ತಂದರು. ನಮ್ಮ ಹೊಲದ ಬದುವಿನಲ್ಲಿ, ಅಜ್ಜನ ಗದ್ದುಗೆಯ ಪಕ್ಕ ಕೂರಿಸಿ ಮಣ್ಣು ಕೊಟ್ಟರು. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಮಂಜು ನನ್ನ ಲಂಗ ಹಿಡಿದುಕೊಂಡೇ ಇದ್ದ. ಲಾರಿ ಹೋದಾಗ ಅಂಗಡಿಯಲ್ಲಿ ಸೀಸೆಗಳು ಸದ್ದು ಮಾಡುತ್ತಿದ್ದವು.

ಮನೆ ತುಂಬ ನೆಂಟರು ಬಂದರು. ಒಲೆ ಹಚ್ಚುವಂತಿರಲಿಲ್ಲ. ಓಣಿಯವರು ಅನ್ನ, ಸಾರು ತರುತ್ತಿದ್ದರು. ಹಿತ್ತಲಲ್ಲಿ ಗಂಡಸರು ಕಂಬಳಿ ಹಾಸಿ ಕೂತಿದ್ದರಿಂದ ನೀರಿಗೆ ಬರುವ ಹೆಂಗಸರು ನಿಂತುಹೋದರು. ಮಾತಾಡಿಸಲು ಬರುವ ಹೆಂಗಸರೆಲ್ಲ ಮುಂಬಾಗಿಲಿಂದ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಕೊಟ್ರಮ್ಮನೂ ಅತ್ತೆಯ ಜೊತೆ ಬಂದಳು, ಒಮ್ಮೆಯಲ್ಲ, ದಿನಾ. ಬಂದಾಗಲೆಲ್ಲ ಅವಳ ಕಣ್ಣು ಅಡಿಗೆಮನೆಯ ಕಡೆ ಹೋಗಿ ಬರುತ್ತಿತ್ತು. ನನಗೆ ಅರ್ಥವಾಗುತ್ತಿತ್ತು. ಆದರೆ ಅಡಿಗೆಮನೆಯಲ್ಲಿ ದೊಡ್ಡವ್ವ ಇದ್ದಳು.

ದೊಡ್ಡವ್ವ ಹರಪನಹಳ್ಳಿಯವಳು, ಬಹಳ ಶುದ್ಧದ ಹೆಂಗಸು. ಸಾವಾದ ಮನೆಯನ್ನು ಮೂಲೆಮೂಲೆ ತೊಳೆದು ಬಳಿಯಬೇಕು ಎಂದು ಸೊಂಟ ಕಟ್ಟಿದ್ದಳು. ಗಡಿಗೆಗಳನ್ನು ಇಳಿಸಿದಳು. ಗೂಡು ಒರೆಸಿದಳು. ಉಪ್ಪಿನ ಗಡಿಗೆಯ ಹಿಂದಿನ ಡಬ್ಬಿ ಅವಳ ಕೈಗೆ ಸಿಕ್ಕಿತು. ಅದನ್ನು ತೆರೆದು ನೋಡಿ, ಹಾಗೇ ಎತ್ತಿಕೊಂಡು ಪಡಸಾಲೆಗೆ ಬಂದು, ಹೆಂಗಸರ ನಡುವೆ ಇಟ್ಟಳು.

"ನೋಡ್ರಮ್ಮ, ನೀಲಮ್ಮ ಇಷ್ಟೊಂದು ಗುಳಿಗೆ ನುಂಗ್ತಿದ್ಲು. ಒಳಗೊಳಗೇ ಏನು ಕಾಯಿಲೆ ಇತ್ತೋ ಏನೋ. ನಮಗೊಂದು ಮಾತು ಹೇಳಬಾರ್ದಾಗಿತ್ತಾ ಬಸಣ್ಣ?"

ಅಪ್ಪ ಬಾಗಿಲ ಹೊರಗೆ ಕೂತಿದ್ದ. ಡಬ್ಬಿ ನೋಡಿ ಎದ್ದು ನಿಂತ. ಅವನು ಬಾಯಿ ತೆರೆಯುವುದರೊಳಗೆ, ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬಾಕೆ ಒಂದು ಹಾಳೆ ಎತ್ತಿ ತಿರುಗಿಸಿ ನೋಡಿದಳು.

"ಇವು ರೋಗದ ಗುಳಿಗಿ ಅಲ್ಲಬೇ. ಮಕ್ಕಳಾಗದ ಗುಳಿಗಿ."

ಯಾರೋ ಉಸಿರೆಳೆದುಕೊಂಡರು. ಇನ್ಯಾರೋ, "ಅದಕ್ಕ ತಲಿಗೇರೈತಿ ನೋಡು," ಅಂದರು. ಅಪ್ಪ ನಿಂತಲ್ಲೇ ನಿಂತಿದ್ದ. ಅವ್ವನವು ಎಂದು ಸುಮ್ಮನಿದ್ದರೆ, ಗುಳಿಗೆ ನುಂಗಿಯೇ ಮೆಡಿಕಲ್ ಬಸಣ್ಣನ ಹೆಂಡತಿ ಸತ್ತಳು ಎಂದು ಊರು ತಿಳಿಯುತ್ತಿತ್ತು. ಮುಂದೆ ಯಾವ ಹೆಂಗಸೂ ಅವನ್ನು ಮುಟ್ಟುತ್ತಿರಲಿಲ್ಲ. ಅವಳವಲ್ಲ ಅಂದರೆ ಯಾರವು ಎಂಬ ಮಾತು ಬರುತ್ತಿತ್ತು. ಆ ಮಾತು ಬಂದೇಬಿಟ್ಟಿತು.

"ನೀಲಮ್ಮಂದು ಆಪರೇಷನ್ ಆಗಿತ್ತಲ್ಲ," ಅಂದಳು ದೊಡ್ಡವ್ವ, ತಾನೇ ಲೆಕ್ಕ ಹಾಕಿ. "ಆಪರೇಷನ್ ಆದೋಳಿಗೆ ಇವ್ಯಾಕೆ? ಹಂಗಾರೆ ಯಾರವು ಇವು? ದಾರ ಬೇರೆ ಸುತ್ತಿದಾರೆ ನೋಡು."

ಅವಳು ಹಾಳೆಗಳನ್ನು ಒಂದೊಂದೇ ತೆಗೆದು ನೆಲದ ಮೇಲೆ ಇಟ್ಟಳು. ಕೆಂಪು ಎಳೆ. ನೀಲಿ ಎಳೆ. ಸಾಸಿವೆ ಹೂವಿನ ಬಣ್ಣದ ಎಳೆ. ಕೊಟ್ರಮ್ಮ ಅವತ್ತು ಅದೇ ಸೀರೆ ಉಟ್ಟಿದ್ದಳು. ನಾಲ್ಕು ಜನರ ಮುಂದೆ ಉಡುವಂಥದ್ದು ಅವಳಿಗೆ ಇದ್ದದ್ದು ಅದೊಂದೇ. ಸೆರಗಿನ ಅಂಚು ಸಡಿಲಾಗಿ ಕೆದರಿದ್ದು ನನಗೆ ಕೂತಲ್ಲಿಂದ ಕಾಣುತ್ತಿತ್ತು. ಅವಳು ಮೆಲ್ಲಗೆ ಸೆರಗನ್ನು ತೊಡೆಯ ಕೆಳಗೆ ಸೇರಿಸಿದಳು. ಪಕ್ಕದಲ್ಲಿ ಈರಮ್ಮ ಕುತ್ತಿಗೆ ಉದ್ದ ಮಾಡಿ ಎಳೆಗಳನ್ನು ನೋಡುತ್ತಿದ್ದಳು.

ಆಗ ಅಜ್ಜಿ ಗೋಡೆ ಹಿಡಿದು ಎದ್ದಳು. ಅವ್ವ ಹೋದ ಮೇಲೆ ಅವಳು ಒಂದು ಮಾತೂ ಆಡಿರಲಿಲ್ಲ. ಹೆಂಗಸರ ಮಂಡಿಗಳನ್ನು ಸರಿಸುತ್ತಾ ಬಂದು, ಬಗ್ಗಿ ಹಾಳೆಗಳನ್ನೆಲ್ಲ ಬಾಚಿ ಡಬ್ಬಿಗೆ ಹಾಕಿಕೊಂಡಳು.

"ಕೊಡು ಇಲ್ಲಿ. ನನ್ನವು ಅವು."

ದೊಡ್ಡವ್ವ ಅವಳ ಕಿವಿಯ ಹತ್ತಿರ ಹೋಗಿ ಜೋರಾಗಿ ಹೇಳಿದಳು:

"ಅತ್ತೀ, ಇವು ಮಕ್ಕಳಾಗದ ಗುಳಿಗೆ."

"ಗೊತ್ತೈತಿ. ದಿನಾ ನುಂಗಾಕಿ ನಾನು, ನನಗ ಹೇಳ್ತಿಯೇನು?"

"ಈ ವಯಸ್ಸಿಗೆ ನಿನಗ್ಯಾಕಬೇ?" ಅಂದಳು ಈರಮ್ಮ.

ಅಜ್ಜಿ ಒಂದು ಗುಳಿಗೆ ಬಿಡಿಸಿ ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಯಾಕ ಅಂದ್ರ? ಆಗಬಾರ್ದು ಅಂತ."

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗದೆ ಒಬ್ಬರಿಂದ ಒಬ್ಬರಿಗೆ ಹೋಯಿತು. ಸಾವಿನ ಮನೆಯಲ್ಲಿ ನಗಬಾರದೆಂದು ಹೇಳಬೇಕಾಗಿದ್ದ ದೊಡ್ಡವ್ವನೇ ನೆಲಕ್ಕೆ ಕೂತು ಕಣ್ಣೊರೆಸಿಕೊಂಡಳು. ಮುದುಕಿಗೆ ಸೊಸೆ ಹೋದ ದುಃಖದಲ್ಲಿ ತಲೆ ನೆಟ್ಟಗಿಲ್ಲ ಎಂದರು ಕೆಲವರು. ಯಾರವು ಎಂದು ಮತ್ತೆ ಯಾರೂ ಕೇಳಲಿಲ್ಲ. ಅಪ್ಪ ಹೊರಗೆ ಗೋಡೆಯ ಕಡೆ ತಿರುಗಿ ನಿಂತಿದ್ದ. ಹೆಗಲು ಅಲುಗುತ್ತಿತ್ತು. ಈ ಸಲ ಅದು ನಗುವೋ ಅಳುವೋ ಹಿಂದಿನಿಂದ ನನಗೆ ಗೊತ್ತಾಗಲಿಲ್ಲ.

ಗುಳಿಗೆ ಬಾಯಲ್ಲೇ ಇಟ್ಟುಕೊಂಡು ಅಜ್ಜಿ ಸುತ್ತ ನೋಡಿದಳು.

"ಏ ಕೊಟ್ರಮ್ಮ, ನೀರು ತಾರವ್ವ. ಹಂಗೇ ಈ ಡಬ್ಬಿ ಒಯ್ದು ಉಪ್ಪಿನ ಗಡಿಗಿ ಹಿಂದ ಇಡು."

ಕೊಟ್ರಮ್ಮ ಡಬ್ಬಿ ಹಿಡಿದು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಬಾಗಿಲಿಗೆ ಬೆನ್ನು ಮಾಡಿ, ತನ್ನ ಎಳೆಯ ಹಾಳೆ ಹುಡುಕಿ, ಗುಳಿಗೆ ನುಂಗಿ, ಚೊಂಬಿನಿಂದ ನೀರು ಎತ್ತಿ ಕುಡಿದಳು. ಆಮೇಲೆ ಚೊಂಬನ್ನು ಮತ್ತೆ ತುಂಬಿ ಅಜ್ಜಿಗೆ ಒಯ್ದುಕೊಟ್ಟಳು. ಉಪ್ಪಿನ ಗಡಿಗೆಯ ಹಿಂದೆ ಡಬ್ಬಿ ಇರುತ್ತದೆ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಮೂಲೆಯಲ್ಲಿ ಕೂತು ಅವಳು ಇಷ್ಟು ದಿನ ನೋಡಿದ್ದಳು, ಅಷ್ಟೇ.

ದಿನಗಳು ಕಳೆದು ನೆಂಟರು ಹೋದರು. ಒಲೆ ಹಚ್ಚಿದೆವು. ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂತು. ಅಂಚು ಒಡೆದ ರೊಟ್ಟಿಗಳನ್ನು ಅಪ್ಪ ಹೆಸರಿಡದೆ ತಿನ್ನುತ್ತಿದ್ದ. ಹಿತ್ತಲಲ್ಲಿ ಮತ್ತೆ ಕೊಡಗಳ ಸದ್ದು ಶುರುವಾದ ದಿನ, ಅಜ್ಜಿ ತನ್ನ ಶೇಂಗಾದ ಮೊರ ಎತ್ತಿಕೊಂಡು ಬಂದು ಅವ್ವ ಕೂರುತ್ತಿದ್ದ ಹೊಸ್ತಿಲ ಮೇಲೆ ಕೂತಳು. ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಕೊಟ್ರಮ್ಮ ಬಗ್ಗಿ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು.

"ಏನು? ಸಾವಿನ ಮನ್ಯಾಗ ಮೂರು ದಿನ ಗುಳಿಗಿ ತಪ್ಪಿತ್ತೇನು? ಆಮ್ಯಾಲೆ ನುಂಗಿದಿ, ಮತ್ತ ತಪ್ಪಿತೇನು? ಏ ಬಸವಾ, ಈಗೇನು ಮಾಡಬೇಕಂತ ಕೇಳ್ತಾಳ."

ಅಪ್ಪ ತುತ್ತು ಕೆಳಗಿಟ್ಟು, ಅವಳಿಗೆ ಕೇಳುವಷ್ಟು ದನಿ ಎತ್ತಿದ.

"ಮೆಲ್ಲಕ ಮಾತಾಡಬೇ. ಇವತ್ತಿಂದ ದಿನಾ ನುಂಗಲಿ. ಒಂದು ವಾರ ಗಂಡನಿಂದ ದೂರ ಇರಬೇಕು ಅನ್ನು, ಇಲ್ಲಾ ಅವ ನಿರೋಧ್ ಬಳಸಬೇಕು."

"ಗಂಡನಿಂದ ದೂರ ಇರಬೇಕಂತ ನೋಡವ್ವಾ, ಒಂದು ವಾರ," ಎಂದು ಅಜ್ಜಿ ನುಗ್ಗೆಗಿಡದ ಮೇಲಿನ ಕಾಗೆ ಹಾರುವಂತೆ ಹೇಳಿದಳು. "ಇಲ್ಲಾ ಅವಗ ತಲಿನೋವಿನ ಗುಳಿಗಿ ತರಾಕ ಹೇಳು."

ಪಕ್ಕದ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಕೊಟ್ರಮ್ಮ ಮುಖ ಮುಚ್ಚಿಕೊಂಡು ನಕ್ಕಳು, ಆಮೇಲೆ ಕೊಡ ಅಲ್ಲೇ ಬಿಟ್ಟು ಓಡಿದಳು. ಈರಮ್ಮ ಜಗಳಕ್ಕೆ ಬರುತ್ತಾಳೆಂದು ನಾವು ಕಾದೆವು, ಅವಳು ಬರಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ಅಜ್ಜಿಯ ಬಾಯಿಂದ ಓಣಿಗೆಲ್ಲ ಗುಳಿಗೆಯ ಸಂಗತಿ ಬಾಯಿಪಾಠವಾಯಿತು. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಬೇಕು, ಹಾಲು ಕುಡಿಸುವವರಿಗೆ ಈ ಗುಳಿಗೆ ಬೇಡ, ವಂಕಿ ಹಾಕಿಸಿಕೊಂಡರೆ ಭಾರ ಹೊರಬಾರದು ಎನ್ನುವುದು ಸುಳ್ಳು. ಎಲ್ಲರಿಗೂ ಕೇಳಿದ ಮೇಲೆ ಮುಚ್ಚಿಡುವುದು ಏನೂ ಉಳಿಯಲಿಲ್ಲ. ಮುಚ್ಚಿಡುವುದಿಲ್ಲ ಎಂದ ಮೇಲೆ ಅಪ್ಪ ಒಂದು ಮಧ್ಯಾಹ್ನ ಗಂಗಾಳ ಎತ್ತಿಕೊಂಡು, ಮಣೆಯನ್ನು ಕಾಲಿನಿಂದ ತಿರುಗಿಸಿ, ಹಿತ್ತಲ ಬಾಗಿಲಿಗೆ ಮುಖ ಮಾಡಿ ಕೂತ.

"ಬ್ಯಾಡಬೇ, ನೀ ಸುಮ್ಮನ ಶೇಂಗಾ ಸುಲಿ," ಅಂದ. "ಹೇಳವ್ವ, ನಾನ ಕೇಳ್ತೀನಿ."

ಕಲ್ಲಿನ ಮೇಲಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ, ನೇರ ಅವನಿಗೇ ಹೇಳಿದಳು. ಅಂದು ಸಂಜೆ ಅಂಗಡಿಯಲ್ಲಿ ಅಪ್ಪ ನನಗೆ ಹೇಳಿದ:

"ನಿಮ್ಮವ್ವ ಇದ್ದಾಗ ಇಷ್ಟು ಕೇಳಬೇಕಾಗ್ತಿರಲಿಲ್ಲ ನೋಡು ಶಶಿ. ಅಕಿ ದನಿ ಕೇಳಿದ್ರ ಸಾಕು, ಬಂದಾಕಿ ಎಷ್ಟು ಹೆದರ್ಯಾಳ ಅಂತ ಗೊತ್ತಾಗ್ತಿತ್ತು. ಈಗ ಮುಖ ನೋಡಿದ್ರೂ ತಿಳಿವಲ್ದು."

ಕೊಟ್ರಮ್ಮನ ಆ ಎರಡು ವರ್ಷ ಸುಖವಾಗಿ ಕಳೆದವು. ಕೆನ್ನೆಗೆ ಬಣ್ಣ ಬಂತು, ಮೈ ತುಂಬಿತು. ಆಮೇಲೆ ಗಂಡ ಹೆಂಡತಿ ಮಾತಾಡಿಕೊಂಡು ಮೂರೇ ಸಾಕೆಂದು ಆಪರೇಷನ್ ಮಾಡಿಸಿದರು. ಈರಮ್ಮ ಒಂದು ತಿಂಗಳು ಸೊಸೆಯ ಕೈಯ ಅನ್ನ ಉಣ್ಣಲಿಲ್ಲ, ಆಮೇಲೆ ಉಂಡಳು. ಅದೇ ಈರಮ್ಮ ಒಂದು ಮಧ್ಯಾಹ್ನ ಕೊಡ ಇಲ್ಲದೆ ನಮ್ಮ ಹಿತ್ತಲಿಗೆ ಬಂದು ಅಜ್ಜಿಯ ಪಕ್ಕ ಕೂತಳು. ಹಲವಾಗಲು ಊರಿಗೆ ಮದುವೆ ಮಾಡಿಕೊಟ್ಟ ಅವಳ ಮಗಳು, ವರ್ಷಕ್ಕೊಂದರಂತೆ ಹೆತ್ತು, ತವರಿಗೆ ಬಂದು ಮಲಗಿದ್ದಳು.

"ನೀ ನುಂಗತಿದ್ದೆಲ್ಲಬೇ, ಆ ಗುಳಿಗಿ ನನ್ನ ಮಗಳಿಗೂ ಕೊಡಿಸು," ಅಂದಳು. "ಚಲೋ ಗುಳಿಗಿನ ಅದಾವು. ನಿನಗ ಒಂದೂ ಆಗಲಿಲ್ಲಲ್ಲ."

ಅಜ್ಜಿ ನಗಲಿಲ್ಲ. ಮುಷ್ಟಿ ಶೇಂಗಾ ಅವಳ ಉಡಿಗೆ ಹಾಕಿ, "ಮಗಳನ್ನ ಕರಕೊಂಡು ಬಾ, ನನ್ನ ಮಗ ಮಾತಾಡ್ತಾನ," ಅಂದಳು. ಈರಮ್ಮನಿಗೆ ಅವತ್ತು ಎಲ್ಲ ತಿಳಿದಿತ್ತೋ ಇಲ್ಲವೋ ನಾವು ಕೇಳಲಿಲ್ಲ.

ನಾನು ಪಿ.ಯು.ಸಿ. ಮುಗಿಸಿದೆ. ಹಗರಿಬೊಮ್ಮನಹಳ್ಳಿಗೆ ಮದುವೆಯಾಗಿ ಹೋದೆ. ಮೊದಲ ಕೂಸನ್ನು ಎತ್ತಿಕೊಂಡು ತವರಿಗೆ ಬಂದಾಗ, ಇನ್ನೊಂದು ಬೇಗ ಬೇಡ ಎಂದು ಕೇಳುವ ಹೊತ್ತು ನನಗೂ ಬಂತು. ಊರ ಹೆಂಗಸರ ಹತ್ತಿರವೆಲ್ಲ ಮುಖ ಕೊಟ್ಟು ಮಾತಾಡುವ ಅಪ್ಪ, ನಾನು ಹಿತ್ತಲ ಹೊಸ್ತಿಲಿಗೆ ಕೂತು ಗಂಟಲು ಸರಿಮಾಡಿಕೊಂಡ ಕೂಡಲೇ ಎದ್ದ. ಮಣೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ. ಅಜ್ಜಿಗೆ ಆಗ ಕಿವಿ ಪೂರ್ತಿ ಹೋಗಿತ್ತು. ನಾನು ಗೋಡೆಗೆ ಹೇಳಿದೆ, ಅಪ್ಪ ಗೋಡೆಗೆ ಹೇಳಿದ. ಇಬ್ಬರ ನಡುವೆ ದಾಟಿಸುವವರು ಯಾರೂ ಇರಲಿಲ್ಲ.

"ಹಾಲು ಕುಡೀತೈತಲ್ಲ, ಗುಳಿಗಿ ಬ್ಯಾಡ. ವಂಕಿ ಹಾಕಿಸ್ಕೋ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹೆದರಬ್ಯಾಡ," ಅಂದ. ಆಮೇಲೆ ತಾನೇ ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ತಂದು, ನನ್ನ ಕಡೆ ನೋಡದೆ ಹೊಸ್ತಿಲ ಮೇಲೆ ಇಟ್ಟ.

ಅಜ್ಜಿ ಹೋದಳು. ಕಾಲ ಬದಲಾಯಿತು. ಹುಡುಗಿಯರು ಮುಂದಿನ ಕೌಂಟರಿಗೇ ಬಂದು ಬೇಕಾದ್ದನ್ನು ಹೆಸರು ಹೇಳಿ ಕೇಳುತ್ತಿದ್ದರು. ಓಣಿಗೆಲ್ಲ ನಲ್ಲಿ ಬಂತು. ಬೋರಿಂಗಿನ ಹಿಡಿ ತುಕ್ಕು ಹಿಡಿಯಿತು. ಕೊಟ್ರಮ್ಮ ಮಾತ್ರ ಆಗಾಗ ಬಂದು ಒಗೆಯುವ ಕಲ್ಲಿನ ಮೇಲೆ ಕೂತು ಹೋಗುತ್ತಿದ್ದಳು. ಯಾಕೆ ಎಂದರೆ, ಸುಮ್ಮನೆ ಅನ್ನುತ್ತಿದ್ದಳು. ಅಪ್ಪ ಅಂಗಡಿಯನ್ನು ಮಂಜುವಿಗೆ ಬಿಟ್ಟ ಮೇಲೂ ಮಧ್ಯಾಹ್ನ ಅದೇ ಜಾಗದಲ್ಲಿ ಉಣ್ಣುತ್ತಿದ್ದ. ಕೊನೆಗೊನೆಗೆ ಮಣೆ ಮತ್ತೆ ಗೋಡೆಯ ಕಡೆ ತಿರುಗಿತ್ತು. ಒಮ್ಮೆ ನಾನು ಊರಿಗೆ ಬಂದಾಗ, ಬಡಿಸುತ್ತಾ ಕೇಳಿದೆ:

"ಅವ್ವನ ದನಿ ಹೆಂಗಿತ್ತಪ್ಪಾ?"

ಅಪ್ಪ ರೊಟ್ಟಿ ಮುರಿಯುತ್ತಾ ನಕ್ಕ.

"ಹೆಂಗಿತ್ತು ಅಂದ್ರ ಹೆಂಗ ಹೇಳಲಿ? ನಾನು ಇಲ್ಲಿ ಕುಂತ್ರ ಕೇಳಸ್ತೈತಿ. ಅದಕ್ಕ ಕುಂದರ್ತೀನಿ."

ಹೋದ ಸಜ್ಜೆ ಸುಗ್ಗಿಯ ಹೊತ್ತಿಗೆ ಅಪ್ಪನೂ ಹೋದ. ಅವನನ್ನೂ ಹೊಲದಲ್ಲಿ ಅವ್ವನ ಪಕ್ಕದಲ್ಲೇ ಕೂರಿಸಿ ಬಂದೆವು. ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ನಾನು ಅವನ ಮಣೆಯ ಮೇಲೆ, ಗೋಡೆಗೆ ಮುಖ ಮಾಡಿ, ಗಂಗಾಳ ಇಟ್ಟುಕೊಂಡು ಕೂತೆ. 'ಕೊಟ್ರಮ್ಮ ಬಂದಾಳ್ರಿ' ಎಂಬ ಮಾತು ನೆನಪಿಗೆ ಬಂತು. 'ಉಪಾಸನ ಬರ್ತಾಳ' ಎಂಬುದೂ ಬಂತು. ಅಜ್ಜಿಯ ಕೂಗು ಇವತ್ತಿಗೂ ಕಿವಿಯಲ್ಲಿದೆ, ಕೊಟ್ರಮ್ಮನ ನಗುವಿದೆ, ಲಾರಿ ಹೋದಾಗ ಸೀಸೆಗಳು ತಾಗುವ ಸದ್ದಿದೆ. ಅವ್ವನ ಮುಖ ಪಡಸಾಲೆಯ ಫೋಟೋದಲ್ಲಿದೆ. ಅವಳು ಆಡಿದ ಮಾತುಗಳೂ ನನ್ನ ಹತ್ತಿರ ಇವೆ. ದನಿ ನನಗೆ ನೆನಪಿಲ್ಲ.